ಗ್ರಂಥದ ಜಾಮೀನು

ಹೆಣ್ಣುಮಕ್ಕಳ ಗರ್ಭಕೋಶಕ್ಕೆ ನಮ್ಮ ದೇಶದಲ್ಲಿ ಹಿತೈಷಿಗಳ ಕೊರತೆಯಿಲ್ಲ. ಮುಟ್ಟು ತಡವಾದರೂ, ಬೇಗ ಬಂದರೂ, ವಿಪರೀತ ಹೋದರೂ, ಮಗು ನಿಲ್ಲದಿದ್ದರೂ ಒಂದೇ ಬಾಟಲಿ ಸಾಕೆನ್ನುವ ಮಹನೀಯರು, ಕೊನೆಯಲ್ಲಿ ‘ನೂರಕ್ಕೆ ನೂರು ಗಿಡಮೂಲಿಕೆ, ಅಡ್ಡಪರಿಣಾಮವಿಲ್ಲ’ ಎಂದು ಅಭಯವನ್ನೂ ನೀಡುತ್ತಾರೆ. ವಿಷದ ಉಮ್ಮತ್ತಿಯೂ ಕಾಸರಕವೂ ನೂರಕ್ಕೆ ನೂರು ಗಿಡಮೂಲಿಕೆಗಳೇ ಎಂದು ಅವರಿಗೆ ನೆನಪಿಸುವುದು ಅಸಭ್ಯತೆಯಾದೀತು.

ಈ ಧೈರ್ಯ ಬರಿಯ ಬಾಯಿಮಾತಿನದಲ್ಲ. ಔಷಧ ಮತ್ತು ಕಾಂತಿವರ್ಧಕ ನಿಯಮಾವಳಿಯ 158ಬಿ ನಿಯಮದ ಪ್ರಕಾರ, ಅಂಗೀಕೃತ ಆಯುರ್ವೇದ ಗ್ರಂಥದಲ್ಲಿ ಹೇಳಿದ ಪಾಕದಂತೆ, ಅಲ್ಲಿ ಹೇಳಿದ ಕಾಯಿಲೆಗೇ ತಯಾರಿಸಿದ ಔಷಧಕ್ಕೆ ಹೊಸದಾಗಿ ಸುರಕ್ಷತೆಯ ಅಧ್ಯಯನ ಬೇಕಿಲ್ಲ, ಗ್ರಂಥವೇ ಜಾಮೀನು. ಮುಟ್ಟಿನ ಅತಿಸ್ರಾವಕ್ಕೆ ಹೆಸರಾದ ಅಶೋಕಾರಿಷ್ಟಕ್ಕೆ ಅಂಥ ಗ್ರಂಥಗಳಲ್ಲೊಂದಾದ ಭೈಷಜ್ಯ ರತ್ನಾವಳಿ ಕೇಳುವುದು ಸೀತಾ ಅಶೋಕದ ತೊಗಟೆಯನ್ನು. ಸುಲಿಸಿಕೊಂಡು ಸುಲಿಸಿಕೊಂಡು ಆ ಮರ ಕಾಡಿನಲ್ಲಿ ಅಪರೂಪವಾಗಿರುವುದರಿಂದ, ಶಾಲೆ ಕಚೇರಿಗಳ ಕಾಂಪೌಂಡಿನುದ್ದಕ್ಕೂ ಕಂಬದಂತೆ ನಿಂತಿರುವ, ಅದರ ಕುಲಕ್ಕೇ ಸೇರದ ಸುಳ್ಳು ಅಶೋಕದ ತೊಗಟೆ ಮಾರುಕಟ್ಟೆಯಲ್ಲಿ ಅದೇ ಹೆಸರು ಹೊತ್ತು ಬರುತ್ತದೆ. ಡಿಎನ್‌ಎ ಪರೀಕ್ಷೆಗೆ ಒಳಗಾದ ಅಂಗಡಿ ಮಾದರಿಗಳಲ್ಲಿ ಬಹುಪಾಲು ಬೇರೆ ಮರದ್ದೆಂದು ಸಿಕ್ಕಿಬಿದ್ದದ್ದೂ ಉಂಟು. ಜಾಮೀನು ಸಿಕ್ಕಿದ್ದು ಒಬ್ಬನಿಗೆ, ಹೊರಗೆ ಓಡಾಡುತ್ತಿರುವವನು ಇನ್ನೊಬ್ಬ.

ಅರಿಷ್ಟವೆಂದ ಮೇಲೆ ಹುದುಗಿ ತಾನಾಗಿಯೇ ಹುಟ್ಟುವ ಶೇ 5ರಿಂದ 10ರಷ್ಟು ಮದ್ಯಸಾರವೂ ಇರುತ್ತದೆ. ಬಿಯರಿನ ಹೆಸರೆತ್ತಿದರೆ ಮಡಿ ಕೆಡುವ ಮನೆಯಲ್ಲಿ, ಬಸುರಿಯಾಗಲೆಂದು ಸೊಸೆಗೆ ಅತ್ತೆಯವರೇ ದಿನಕ್ಕೆರಡು ಸಲ ಅಳೆದು ಕುಡಿಸುತ್ತಾರೆ.

1954ರ ಮಾಂತ್ರಿಕ ಪರಿಹಾರಗಳ ಕಾಯ್ದೆಯು ಮುಟ್ಟಿನ ದೋಷ, ಗರ್ಭಕೋಶದ ತೊಂದರೆ, ಬಂಜೆತನಗಳಿಗೆ ಔಷಧವೆಂದು ಜನರ ಮುಂದೆ ಜಾಹೀರಾತು ನೀಡುವುದನ್ನು ನಿಷೇಧಿಸಿದೆ. ಆದ್ದರಿಂದ ಜಾಣರು ಔಷಧ ಮಾರುವುದನ್ನೇ ಬಿಟ್ಟು ಆಹಾರ ಮಾರತೊಡಗಿದ್ದಾರೆ. ರೀಲ್ಸ್‌ನಲ್ಲಿ ಪಿಸಿಒಡಿ ಎಂಬ ಅಂಡಾಶಯದ ತೊಂದರೆಯನ್ನು ಬೇರುಸಹಿತ ಕೀಳುವ ಶತಾವರಿ ಸಾರದ ಡಬ್ಬಿ, ಆಹಾರ ಪ್ರಾಧಿಕಾರದ ಕಟ್ಟಳೆಗೆ ತಲೆಬಾಗಿ, ‘ಔಷಧೋಪಯೋಗಕ್ಕಲ್ಲ’ ಎಂಬುದನ್ನು ಸಾಸಿವೆಯಷ್ಟು ಇಂಗ್ಲಿಷ್ ಅಕ್ಷರಗಳಲ್ಲಿ ಬೆನ್ನ ಮೇಲೆ ಹೊತ್ತಿರುತ್ತದೆ. ಗರ್ಭಿಣಿಯರು ವೈದ್ಯರನ್ನು ಕೇಳಿ ಸೇವಿಸಬೇಕೆಂಬ ಸಾಲೂ ಹಲವು ಡಬ್ಬಿಗಳಲ್ಲಿ ಪಕ್ಕದಲ್ಲೇ ಇದೆ. ಗರ್ಭ ನಿಲ್ಲಲೆಂದೇ ಅದನ್ನು ಸೇವಿಸುತ್ತಿರುವವಳಿಗೆ ಗರ್ಭ ನಿಂತದ್ದು ಗೊತ್ತಾಗುವುದಕ್ಕೆ ಮುಂಚಿನ ವಾರಗಳಲ್ಲಿ ಯಾರನ್ನು ಕೇಳಬೇಕೆಂಬುದನ್ನು ಅಚ್ಚುಹಾಕಲು ಮಾತ್ರ ಡಬ್ಬಿಯಲ್ಲಿ ಜಾಗ ಸಾಲದೆ ಹೋಗಿದೆ.