ಬೆಂಜ್ ಸಾಹೇಬರನ್ನು ಹಿಡಿದ ಪೊಲೀಸಪ್ಪ

1993ರಲ್ಲಿ ಅಮೆರಿಕದ ಅಲಬಾಮಾ ರಾಜ್ಯಕ್ಕೆ ಬೆಂಜ್ ಕಾರಿನ ಕಾರ್ಖಾನೆ ಬೇಕಾಗಿತ್ತು. ಬನ್ನಿ ಬನ್ನಿ ಅಂತ ಮಣೆ ಹಾಕಿದರು. 25 ಕೋಟಿ ಡಾಲರ್‌ಗೂ ಜಾಸ್ತಿ ಸವಲತ್ತು ಕೊಟ್ಟು ಕರೆಸಿಕೊಂಡರು. 2011ರಲ್ಲಿ ಅದೇ ಕಂಪನಿಯ ಜರ್ಮನ್ ಅಧಿಕಾರಿಯೊಬ್ಬರನ್ನು ಅದೇ ರಾಜ್ಯದ ಪೊಲೀಸರು ಹಿಡಿದುಕೊಂಡು ಹೋದರು.

ಪಾಪ, ಪೊಲೀಸಪ್ಪನದೇನೂ ತಪ್ಪಿಲ್ಲ. ವಲಸೆ ನೋಡಿಕೊಳ್ಳೋದು ವಾಷಿಂಗ್ಟನ್ನಿನ ಕೆಲಸ. ಅವರ ಕೈಲಿ ಆಗ್ತಿಲ್ಲ, ನಾವೇ ಮಾಡ್ತೀವಿ ಅಂತ ಅಲಬಾಮಾ ಆ ವರ್ಷ ಎಚ್‌ಬಿ 56 ಅನ್ನುವ ಕಾನೂನು ತಂದಿತ್ತು. ಗಾಡಿ ತಡೆದಾಗ, ಇವನ ಹತ್ತಿರ ಕಾಗದಪತ್ರ ಇಲ್ಲವೇನೋ ಅನ್ನಿಸಿದರೆ ವಿಚಾರಿಸಲೇಬೇಕು. ಟಸ್ಕಲೂಸಾದಲ್ಲಿ ನಂಬರ್ ಪ್ಲೇಟ್ ಇಲ್ಲದ ಬಾಡಿಗೆ ಕಾರೊಂದು ಸಿಕ್ಕಿತು. ಒಳಗಿದ್ದವರ ಜೇಬಿನಲ್ಲಿ ಜರ್ಮನಿಯ ಗುರುತಿನ ಚೀಟಿ, ಪಾಸ್‌ಪೋರ್ಟ್ ಮಾತ್ರ ಹೋಟೆಲಿನಲ್ಲಿ. ಮೊದಲಾಗಿದ್ದರೆ ದಂಡದ ಚೀಟಿ ಹರಿದು ಕೊಟ್ಟು ಕಳಿಸುತ್ತಿದ್ದರು. ಈಗ ಬಿಡೋ ಹಾಗಿಲ್ಲ. ಜೊತೆಯವರು ಹೋಟೆಲಿಗೆ ಹೋಗಿ ಕಾಗದ ತಂದ ಮೇಲೆ ಬಿಡುಗಡೆ. ಅದಾದ ಕೆಲವೇ ದಿನಕ್ಕೆ ಹೋಂಡಾದ ಜಪಾನಿ ನೌಕರರೊಬ್ಬರ ಸರದಿ. ಅವರ ಹತ್ತಿರ ಪಾಸ್‌ಪೋರ್ಟೂ ಇತ್ತು!

ಈ ಕಾನೂನಿಗೆ ಹೆದರಿ ಟೊಮೆಟೊ ಕೀಳುವ ವಲಸೆ ಕೂಲಿಗಳು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟಾಗ ಕಾನೂನು ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಹಣ್ಣು ಗಿಡದಲ್ಲೇ ಕೊಳೆತವು, ಇರಲಿ. ಬೆಂಜಿನವರು ಸಿಕ್ಕಿಬಿದ್ದಾಗ ಮಾತ್ರ ಗವರ್ನರ್ ತಾವೇ ಫೋನ್ ಎತ್ತಿಕೊಂಡು ಏನಾಯ್ತು ಅಂತ ಕೇಳಿದರು.

ಅನುಮಾನ ಪಡೋದಕ್ಕೂ ತರಬೇತಿ ಉಂಟು. 2010ರಲ್ಲಿ ಅರಿಜೋನಾ ಇಂಥದೇ ಕಾನೂನಿಗೆ ಸಹಿ ಹಾಕಿದಾಗ ಗವರ್ನರ್ ಜಾನ್ ಬ್ರೂವರ್ ಅವರನ್ನು, ಅಕ್ರಮ ವಲಸಿಗ ನೋಡೋಕೆ ಹೇಗಿರ್ತಾನೆ ಅಂತ ಕೇಳಿದರು. ನನಗೆ ಗೊತ್ತಿಲ್ಲ ಅಂದರು. ಗೊತ್ತಿಲ್ಲದ್ದನ್ನು ಪೊಲೀಸರಿಗೆ ಕಲಿಸಲು ಒಂದು ವಿಡಿಯೊ ಬಂತು. ಇಂಗ್ಲಿಷ್ ಸರಿಯಾಗಿ ಬರಲ್ವಾ? ಗಾಬರಿಯಾಗಿದ್ದಾರಾ? ಗಾಡಿ ತುಂಬ ಜನರಾ? ಬಿಸಿಲಲ್ಲೂ ಬಟ್ಟೆ ಮೇಲೆ ಬಟ್ಟೆ ಹಾಕಿದ್ದಾರಾ? ಮಗಳ ಬಾಣಂತನಕ್ಕೆ ಅಂತ ಮಂಡ್ಯದಿಂದ ಅರಿಜೋನಾದ ಫೀನಿಕ್ಸಿಗೆ ಹೋದ ಯಾವ ಅಜ್ಜಿ ತಾನೇ ಇದರಲ್ಲಿ ಪಾಸಾಗಲ್ಲ ಹೇಳಿ? ಸೀರೆ ಮೇಲೆ ಸ್ವೆಟರ್, ಅದರ ಮೇಲೆ ಶಾಲು. ಖಾಕಿ ಕಂಡರೆ ಎದೆ ಢವಢವ. ಕಾರಿನಲ್ಲಿ ಬೀಗರೂ ಸೇರಿ ಏಳು ಜನ.

ಇದೆಲ್ಲ ಹಳೇ ಕಥೆ ಅಂದುಕೊಳ್ಳಬೇಡಿ. 2025ರ ಸೆಪ್ಟೆಂಬರ್‌ನಲ್ಲಿ ಅಲಬಾಮಾದ ಪಕ್ಕದ ಜಾರ್ಜಿಯಾ ರಾಜ್ಯದಲ್ಲಿ ಇದೇ ನಾಟಕ, ರಂಗಸಜ್ಜಿಕೆ ಮಾತ್ರ ದೊಡ್ಡದು. ಅಲ್ಲೂ ರಾಜ್ಯವೇ ಕೈ ಮುಗಿದು, ತೆರಿಗೆ ಬಿಟ್ಟು, ಹ್ಯುಂಡೈಯನ್ನು ಕರೆಸಿಕೊಂಡಿತ್ತು. ಅಲ್ಲಿ ಕಟ್ಟುತ್ತಿದ್ದ ಬ್ಯಾಟರಿ ಕಾರ್ಖಾನೆಗೆ ಒಂದು ದಿನ ಕೇಂದ್ರದ ವಲಸೆ ಪಡೆ ನುಗ್ಗಿತು. ಜೊತೆಗೆ ರಾಜ್ಯದ ಪೊಲೀಸರೂ ಇದ್ದರು. ಹಿಡಿದದ್ದು 475 ಮಂದಿಯನ್ನು. ಅದರಲ್ಲಿ 300ಕ್ಕೂ ಹೆಚ್ಚು ಜನ ದಕ್ಷಿಣ ಕೊರಿಯಾದವರು. ಸೊಂಟಕ್ಕೆ, ಕಾಲಿಗೆ ಸರಪಳಿ ಹಾಕಿ ಬಸ್ಸಿಗೆ ಹತ್ತಿಸುವುದನ್ನು ಸರ್ಕಾರವೇ ವಿಡಿಯೊ ಮಾಡಿ ಊರಿಗೆಲ್ಲ ತೋರಿಸಿತು.

ಅವರನ್ನು ಊರಿಗೆ ಕರೆದೊಯ್ಯಲು ಕೊರಿಯಾದಿಂದ ವಿಶೇಷ ವಿಮಾನ ಬಂದು ನಿಂತಿತು. ಅದು ಹೊರಡೋದು ಒಂದು ದಿನ ತಡವಾಯಿತು. ಯಾಕಂದರೆ ಅಧ್ಯಕ್ಷ ಟ್ರಂಪ್ ಅವರಿಗೆ ಹೊಸ ಯೋಚನೆ ಬಂದಿತ್ತು: ಇವರು ಇಲ್ಲೇ ಉಳಿದು ನಮ್ಮ ಹುಡುಗರಿಗೆ ಕೆಲಸ ಕಲಿಸಬಾರದೇ? ಒಬ್ಬರೇ ಒಬ್ಬರು ಉಳಿದರು. ಅದೂ ಅವರ ಮನೆಯವರು ಅಲ್ಲೇ ಇದ್ದರು ಅಂತ.