ಬ್ಲೂಬೆರಿ ರುಚಿಗೆ ತಿನ್ನಿ, ಔಷಧಿ ಅಂತ ಬೇಡ

ಕಲಬುರಗಿಯಲ್ಲಿ ಕೂತು ಬ್ಲೂಬೆರಿ ತಿನ್ನುತ್ತೇನೆ ಅಂದರೆ ಜನ ಎರಡು ಥರ ನೋಡುತ್ತಾರೆ. ಇವರಿಗೆ ರೊಕ್ಕ ಜಾಸ್ತಿ ಆಗಿದೆ ಅನ್ನುವವರು ಕೆಲವರು. ಏನೋ ಕಾಯಿಲೆ ಇರಬೇಕು, ಡಾಕ್ಟರ್ ಹೇಳಿರಬೇಕು ಅನ್ನುವವರು ಇನ್ನು ಕೆಲವರು. ಸುಮ್ನೆ ಇಷ್ಟ, ಅದಕ್ಕೇ ತಿನ್ನುತ್ತೇನೆ ಅಂದರೆ ನಂಬುವವರು ಕಡಿಮೆ. ನನಗೆ ಇಷ್ಟ. ಬಹಳ ಇಷ್ಟ.

ಬೆಲೆ ಮೊದಲು ಹೇಳಿಬಿಡುತ್ತೇನೆ. 125 ಗ್ರಾಮಿನ ಡಬ್ಬಿಗೆ ನಮ್ಮಲ್ಲಿ ₹300ರ ಆಸುಪಾಸು. ಸೀಸನ್‌ನಲ್ಲಿ ಸ್ವಲ್ಪ ಇಳಿಯುತ್ತದೆ, ಬೇಸಿಗೆಯಲ್ಲಿ ಏರುತ್ತದೆ. ಕಿಲೋ ಲೆಕ್ಕ ಹಾಕಿದರೆ ₹2,400. ಒಂದು ಡಬ್ಬಿಯ ರೊಕ್ಕಕ್ಕೆ ನಮ್ಮೂರ ತೊಗರಿ ಬೇಳೆ ಹೆಚ್ಚುಕಮ್ಮಿ ಎರಡು ಕಿಲೋ ಬರುತ್ತದೆ. ಸಂಬಳದ ಮೇಲೆ ಮನೆ ನಡೆಸುವವಳು ನಾನು. ಈ ಲೆಕ್ಕ ತಲೆಯಿಂದ ಹೋಗುವುದಿಲ್ಲ, ಹೋಗಲೂಬಾರದು.

ಆದರೆ ನನಗೆ ಬೇಜಾರು ಇರುವುದು ಬೆಲೆಯ ಮೇಲಲ್ಲ. ಈ ಹಣ್ಣನ್ನು ಮಾರುವ ರೀತಿಯ ಮೇಲೆ. ಮೊಬೈಲ್ ತೆಗೆದರೆ ಸಾಕು, ಬ್ಲೂಬೆರಿ ತಿಂದರೆ ನೆನಪಿನ ಶಕ್ತಿ, ಬ್ಲೂಬೆರಿ ತಿಂದರೆ ಸಕ್ಕರೆ ಕಾಯಿಲೆ ದೂರ, ಬ್ಲೂಬೆರಿ ಇಲ್ಲದಿದ್ದರೆ ಮಕ್ಕಳ ಮೆದುಳೇ ಬೆಳೆಯುವುದಿಲ್ಲ ಅನ್ನುವ ಹಾಗೆ ವಿಡಿಯೋಗಳು. ನಮ್ಮ ಶಾಲೆಯ ಹುಡುಗನೊಬ್ಬನ ತಾಯಿ ರೊಟ್ಟಿ ಬಡಿದು ಮಾರುತ್ತಾರೆ. ಒಂದು ದಿನ ಗೇಟಿನ ಹತ್ತಿರ ನಿಲ್ಲಿಸಿ ಕೇಳಿದರು: "ಅಕ್ಕೋರೆ, ಹುಡುಗನ ತಲಿ ಚುರುಕಾಗಬೇಕಂದ್ರ ಆ ನೀಲಿ ಹಣ್ಣ ಕೊಡಬೇಕಂತಲ್ರಿ. ಎಲ್ಲಿ ಸಿಗ್ತದ್ರಿ?" ಕೈಯಲ್ಲಿ ಇನ್ನೂ ಹಿಟ್ಟು ಇತ್ತು. ಆ ಡಬ್ಬಿಯ ಬೆಲೆ ಅವರಿಗೆ ಎಷ್ಟು ರೊಟ್ಟಿ ಅಂತ ಯೋಚಿಸಿ ನನಗೆ ಸಿಟ್ಟು ಬಂತು. ಅವರ ಮೇಲಲ್ಲ.

"ಬ್ಯಾಡವ್ವಾ, ದಿನಾ ಒಂದ ಪೇರಲ ಹಣ್ಣ ಕೊಡ್ರಿ ಸಾಕು" ಅಂದೆ. ಸುಮ್ನೆ ಬಾಯಿಗೆ ಬಂದ ಹಾಗೆ ಹೇಳಿದ್ದಲ್ಲ ಅದು. 100 ಗ್ರಾಂ ಬ್ಲೂಬೆರಿಯಲ್ಲಿ ಸಿ ವಿಟಮಿನ್ ಇರುವುದು ಸುಮಾರು 10 ಮಿಲಿಗ್ರಾಂ. ಅಷ್ಟೇ ತೂಕದ ಪೇರಲದಲ್ಲಿ 200 ಮಿಲಿಗ್ರಾಂಗೂ ಜಾಸ್ತಿ. ನಾರು ಕೂಡ ಪೇರಲದಲ್ಲೇ ಎರಡು ಪಟ್ಟು. ಬ್ಲೂಬೆರಿಗೆ ಆ ಬಣ್ಣ ಕೊಡುವುದು ಆಂಥೋಸಯನಿನ್. ಅದರ ಬಗ್ಗೆ ಸಂಶೋಧನೆಗಳು ನಡೆದಿವೆ, ಒಳ್ಳೆಯದೇ ಅಂತ ಹೇಳುತ್ತಾರೆ. ಆದರೆ ಅದೇ ಜಾತಿಯ ಬಣ್ಣ ನೇರಳೆ ಹಣ್ಣಿನಲ್ಲಿದೆ, ಕಪ್ಪು ದ್ರಾಕ್ಷಿಯಲ್ಲಿದೆ, ಬದನೆಕಾಯಿಯ ಸಿಪ್ಪೆಯಲ್ಲೂ ಇದೆ. ಎಣ್ಣೆಗಾಯಿ ಮಾಡಿ ಉಣ್ಣುವ ಊರಿನವರಿಗೆ ಅದರ ಕೊರತೆ ಇಲ್ಲ. ಮಗುವಿನ ಆರೋಗ್ಯ ₹300ರ ಡಬ್ಬಿಯಲ್ಲಿ ಇದೆ ಅಂತ ತಾಯಂದಿರನ್ನು ಹೆದರಿಸುವುದು ತಪ್ಪು. ಇದನ್ನು ನಾನು ಜೋರಾಗಿಯೇ ಹೇಳುತ್ತೇನೆ.

ಹಾಗಾದರೆ ನೀನ್ಯಾಕೆ ತಿನ್ನುತ್ತೀ ಅಂತ ಕೇಳಬಹುದು. ಒಂದು ಹಣ್ಣು ಕೈಗೆ ತಗೊಂಡು ನೋಡಿ. ಮೇಲೆ ಬೂದಿ ಹಚ್ಚಿದ ಹಾಗೆ ತೆಳ್ಳನೆ ಹುಡಿ ಇರುತ್ತದೆ. ಹೆಬ್ಬೆರಳಿಂದ ಉಜ್ಜಿದರೆ ಒಳಗಿನ ಕಡು ಬಣ್ಣ ಹೊಳೆಯುತ್ತದೆ. ಒಂದು ತುದಿಯಲ್ಲಿ ಐದು ಮೂಲೆಯ ಪುಟ್ಟ ಕಿರೀಟ, ಇನ್ನೊಂದು ತುದಿಯಲ್ಲಿ ತೊಟ್ಟು ಕಿತ್ತ ಗುರುತು. ಹಲ್ಲಿಗೆ ಇಟ್ಟಾಗ ಸಿಪ್ಪೆ ಪಟ್ ಅಂತ ಒಡೆಯುತ್ತದೆ. ಒಳಗೆ ನೀಲಿ ಇಲ್ಲ, ತಿಳಿ ಹಸಿರು ತಿರುಳು. ಮೊದಲು ಸಿಹಿ, ಆಮೇಲೆ ನಾಲಿಗೆಯ ಬದಿಗೆ ಹುಳಿ, ಕೊನೆಗೆ ಸಿಪ್ಪೆಯ ಸಣ್ಣ ಒಗರು. ಬೀಜ ಇದ್ದರೂ ಗೊತ್ತಾಗುವುದಿಲ್ಲ. ನನಗೆ ಅದು ಎಮ್ಮೆ ಹಾಲಿನ ಗಟ್ಟಿ ಮೊಸರಿನ ಮೇಲೆ ಹಾಕಿ ತಿನ್ನುವುದು ಇಷ್ಟ. ಸಕ್ಕರೆ ಬೇಡ. ಹೊಸ ಹಣ್ಣನ್ನು ಮಿಕ್ಸಿಗೆ ಹಾಕುವುದು ನನಗೆ ಸಂಕಟ ಕೊಡುತ್ತದೆ. ಅಷ್ಟು ರೊಕ್ಕ ಕೊಟ್ಟಿದ್ದು ಆ ಪಟ್ ಅನ್ನುವ ಸುಖಕ್ಕೆ, ಅಲ್ವಾ?

ಅತ್ತೆಯವರು ಮೊದಲ ಸಲ ಡಬ್ಬಿ ನೋಡಿದಾಗ ಬೆಲೆ ಕೇಳಿ ಸುಮ್ಮನಾದರು. ಒಂದು ಹಣ್ಣು ತಿಂದರು. ಇನ್ನೊಂದು ತಗೊಂಡರು. "ಕವಳಿ ಹಣ್ಣಿನ ಜಾತಿದ್ದ ಅದ ನೋಡು. ಅದಕ್ಕ ಹಾಲ ಇರ್ತದ, ಇದಕ್ಕ ಇಲ್ಲ" ಅಂದರು. ಅವರ ತವರು ಚಿಂಚೋಳಿ ಕಡೆ. ಚಿಕ್ಕಂದಿನಲ್ಲಿ ಅಡವಿಯಿಂದ ಕವಳಿ ಹಣ್ಣು ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದರಂತೆ. ಆ ಎರಡು ಗಿಡ ಸಂಬಂಧಿಕರೇನಲ್ಲ. ಆದರೂ ನಾಲಿಗೆಗೆ ಅವರ ಮಾತು ಸರಿಯಾಗಿದೆ. ಈಗ ಡಬ್ಬಿ ತಂದ ದಿನ ಅವರೇ ಬಟ್ಟಲು ತಂದು ಇಡುತ್ತಾರೆ.

ಈ ಹಣ್ಣಿಗೆ ಇಷ್ಟು ಬೆಲೆ ಯಾಕೆ ಅಂತ ತಿಳಿದುಕೊಂಡ ಮೇಲೆ ನನ್ನ ಸಂಕಟ ಸ್ವಲ್ಪ ಕಡಿಮೆ ಆಯಿತು. ಬ್ಲೂಬೆರಿ ಉತ್ತರ ಅಮೆರಿಕದ ಕಾಡು ಗಿಡ. ನೂರು ವರ್ಷಕ್ಕೂ ಹಿಂದೆ ಅದನ್ನು ಹೊಲದಲ್ಲಿ ಬೆಳೆಯುವುದು ಆಗದ ಮಾತು ಅಂತಲೇ ಜನ ನಂಬಿದ್ದರು. ಫ್ರೆಡೆರಿಕ್ ಕೋವಿಲ್ ಅನ್ನುವ ಸಸ್ಯ ವಿಜ್ಞಾನಿ ಅದಕ್ಕೆ ಹುಳಿ ಮಣ್ಣೇ, ಅಂದರೆ ಆಮ್ಲ ಇರುವ ಮಣ್ಣೇ ಬೇಕು ಅಂತ ಕಂಡುಹಿಡಿದು 1910ರಲ್ಲಿ ಬರೆದರು. ನ್ಯೂಜೆರ್ಸಿಯ ರೈತರ ಮನೆಯ ಹೆಣ್ಣುಮಗಳು ಎಲಿಜಬೆತ್ ವೈಟ್ ಅದನ್ನು ಓದಿ ಅವರನ್ನು ತಮ್ಮ ಹೊಲಕ್ಕೆ ಕರೆದರು. ಕಾಡಿನಲ್ಲಿ ಹಣ್ಣು ಆರಿಸುವವರ ಕೈಗೆ ತೂತು ಇರುವ ಅಳತೆಯ ಪಟ್ಟಿ ಕೊಟ್ಟು, ಇದರೊಳಗೆ ತೂರದಷ್ಟು ದಪ್ಪ ಹಣ್ಣಿನ ಗಿಡ ತೋರಿಸಿದರೆ ರೊಕ್ಕ ಕೊಡುತ್ತೇನೆ ಅಂದರು. ಗಿಡ ತೋರಿಸಿದವರ ಹೆಸರನ್ನೇ ಗಿಡಕ್ಕೆ ಇಟ್ಟರು. ರೂಬ್ ಲೀಕ್ ಅನ್ನುವವರು ತೋರಿಸಿದ ಗಿಡ ರೂಬೆಲ್ ಆಯಿತು, ಅದನ್ನು ಇವತ್ತಿಗೂ ಬೆಳೆಯುತ್ತಾರೆ. ಹೊಲದಲ್ಲಿ ಬೆಳೆದ ಹಣ್ಣು ಮೊದಲು ಮಾರಾಟಕ್ಕೆ ಬಂದಿದ್ದು 1916ರಲ್ಲಿ. ನನಗೆ ಇದರಲ್ಲಿ ಬಹಳ ಹಿಡಿಸಿದ್ದು, ಹಣ್ಣು ಆರಿಸುವ ಬಡವರ ಕಣ್ಣಿನ ಮೇಲೆ ಆ ಹೆಣ್ಣುಮಗಳು ಇಟ್ಟ ನಂಬಿಕೆ.

ಒಂದೇ ಗೊಂಚಲಿನಲ್ಲಿ ಹಣ್ಣುಗಳು ಒಟ್ಟಿಗೆ ಮಾಗುವುದಿಲ್ಲ. ಡಬ್ಬಿಗೆ ಹೋಗುವ ಹಣ್ಣನ್ನು ಹೆಚ್ಚಾಗಿ ಕೈಯಲ್ಲೇ, ಒಂದೊಂದಾಗಿ, ಮತ್ತೆ ಮತ್ತೆ ಬಂದು ಕೀಳಬೇಕು. ಕಿತ್ತ ಕೂಡಲೇ ತಣ್ಣಗೆ ಮಾಡಬೇಕು. ಅಲ್ಲಿಂದ ನಮ್ಮ ಅಂಗಡಿಯ ಫ್ರಿಜ್ಜಿನವರೆಗೆ ತಣ್ಣಗೇ ಬರಬೇಕು. ನಡುವೆ ಎಲ್ಲಾದರೂ ಒಂದು ಕಡೆ ಬಿಸಿಲಿಗೆ ನಿಂತರೆ ಮುಗಿಯಿತು. ಕೆಟ್ಟ ಡಬ್ಬಿಗಳ ನಷ್ಟವೂ ನಾವು ಕೊಡುವ ಬೆಲೆಯೊಳಗೇ ಇರುತ್ತದೆ. 2023ರಲ್ಲಿ ನಮ್ಮ ಸರ್ಕಾರ ಅಮೆರಿಕದ ಬ್ಲೂಬೆರಿ ಮೇಲಿನ ಆಮದು ಸುಂಕ ಇಳಿಸಲು ಒಪ್ಪಿತು. ಈಗ ಬೆಲೆ ಬೀಳುತ್ತದೆ ಅಂತ ನಾನೂ ಕಾದೆ. ನಮ್ಮೂರಿನ ಅಂಗಡಿಯಲ್ಲಿ ಕಣ್ಣಿಗೆ ಕಾಣುವಷ್ಟು ಇಳಿಯಲಿಲ್ಲ. ದೂರ, ತಂಪು, ನಷ್ಟ, ಈ ಮೂರೂ ಹಾಗೇ ಇವೆಯಲ್ಲ.

ಇನ್ನು, ಇಲ್ಲೇ ಬೆಳೆದರೆ ಆಗದೇ ಅಂತ ನಮ್ಮ ಮನೆಯವರು ಕೇಳಿದ್ದರು. ಪೆರು ದೇಶ ಸಮುದ್ರದ ದಂಡೆಯ ಮರುಭೂಮಿಯಲ್ಲಿ ಬೆಳೆಯುತ್ತದೆ, ಮಳೆ ಇಲ್ಲ, ಬೆಟ್ಟದ ನೀರು ತಂದು ಹನಿ ಹನಿಯಾಗಿ ಬಿಡುತ್ತಾರೆ. 2010ರ ಸುಮಾರಿಗೆ ಅಲ್ಲಿ ಈ ಬೆಳೆ ಇತ್ತು ಅನ್ನುವಷ್ಟೂ ಇರಲಿಲ್ಲ. ಈಗ ಜಗತ್ತಿಗೆಲ್ಲ ಅತಿ ಜಾಸ್ತಿ ಹಣ್ಣು ಕಳಿಸುವುದು ಅದೇ ದೇಶ. ಆದರೆ ಅವರದು ಮರಳು. ಅದಕ್ಕೆ ಬೇಕಾದ ಹುಳಿಯನ್ನು ನೀರಿನಲ್ಲೇ ಬೆರೆಸಿ ಕೊಡಬಹುದು. ನಮ್ಮದು ಎರೆಮಣ್ಣು, ಸುಣ್ಣ ತುಂಬಿದ್ದು. ಅದರ ಪಿಎಚ್, ಅಂದರೆ ಹುಳಿಯ ಅಳತೆ, ಸಾಮಾನ್ಯವಾಗಿ 8ರ ಹತ್ತಿರ; ಈ ಅಂಕೆ ಕಡಿಮೆ ಇದ್ದಷ್ಟೂ ಹುಳಿ ಜಾಸ್ತಿ. ಬ್ಲೂಬೆರಿಗೆ ಬೇಕಾದ್ದು 4.5ರಿಂದ 5.5. ಬೋರಿನ ನೀರು ಗಡಸು. ಮೇ ತಿಂಗಳಲ್ಲಿ 42-43 ಡಿಗ್ರಿ. ಇಂಥ ಮಣ್ಣಿನಲ್ಲಿ ಗಿಡಕ್ಕೆ ಕಬ್ಬಿಣದ ಅಂಶ ಸಿಗದೆ ಎಲೆ ಹಳದಿಯಾಗಿ ಸೊರಗುತ್ತದೆ. ಆನ್‌ಲೈನ್‌ನಲ್ಲಿ ಸಸಿ ಮಾರುವವರು ಯಾವ ಮಣ್ಣಿಗಾದರೂ ಬರುತ್ತದೆ ಅಂತ ಬರೆದಿರುತ್ತಾರೆ. ನಮ್ಮ ಕಡೆಯ ರೈತರು ದಯವಿಟ್ಟು ಅದನ್ನು ನಂಬಿ ರೊಕ್ಕ ಹಾಕಬೇಡಿ.

ಕೊಳ್ಳುವ ವಿಷಯಕ್ಕೆ ಬರುತ್ತೇನೆ, ಇಲ್ಲೇ ರೊಕ್ಕ ಉಳಿಯುವುದು. ವರ್ಷವಿಡೀ ತಿನ್ನಬೇಕು ಅನ್ನುವ ಆಸೆ ಬಿಡಿ. ಪೆರುವಿನ ಹಣ್ಣು ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಜೋರಾಗಿ ಬರುತ್ತದೆ, ಅದರ ಹಿಂದೆಯೇ ಚಿಲಿಯದು. ಆಗ ಇಲ್ಲಿ ಬಿಸಿಲೂ ಕಡಿಮೆ, ಹಣ್ಣು ದಾರಿಯಲ್ಲಿ ಬೇಯುವುದಿಲ್ಲ. ಏಪ್ರಿಲ್, ಮೇನಲ್ಲಿ ನಾನು ಆ ಕಡೆ ತಿರುಗಿಯೂ ನೋಡುವುದಿಲ್ಲ. ಆಗ ಮಾವಿನ ಹಣ್ಣು ಇರುತ್ತದೆ, ಬ್ಲೂಬೆರಿ ಯಾಕೆ ಬೇಕು?

ಡಬ್ಬಿ ಕೈಗೆ ತಗೊಂಡರೆ ಮೊದಲು ಬುಡ ನೋಡಿ. ಒಂದು ದೊಡ್ಡ ಅಂಗಡಿಯಲ್ಲಿ ತಂದ ಡಬ್ಬಿಯಲ್ಲಿ ಮೇಲೆಲ್ಲ ಚೆಂದ ಇತ್ತು, ಕೆಳಗಿನ ಸಾಲಿಗೆ ಬೂಸ್ಟು ಹಿಡಿದಿತ್ತು. ವಾಪಸ್ ಒಯ್ದರೆ ಫಾರಿನ್ ಮಾಲು, ತಗೊಳ್ಳಲ್ಲ ಅಂದರು. ಡಬ್ಬಿ ಮೆಲ್ಲಗೆ ಓರೆ ಮಾಡಿದರೆ ಹಣ್ಣುಗಳು ಬಿಡಿಬಿಡಿಯಾಗಿ ಉರುಳಬೇಕು. ಗಂಟು ಕಟ್ಟಿಕೊಂಡು ಒಟ್ಟಿಗೆ ಜಾರಿದರೆ ಒಳಗೆ ಯಾವುದೋ ಒಡೆದು ರಸ ಬಿಟ್ಟಿದೆ ಅಂತ ಅರ್ಥ. ತೊಟ್ಟಿನ ಗುರುತು ಒಣಗಿರಬೇಕು. ಅದರ ಸುತ್ತ ಕೆಂಪು ಇದ್ದರೆ ಪೂರ್ತಿ ಮಾಗುವ ಮೊದಲೇ ಕಿತ್ತಿದ್ದು. ಮಾವಿನ ಹಾಗೆ ಮನೆಯಲ್ಲಿಟ್ಟರೆ ಹಣ್ಣಾಗುತ್ತದೆ ಅಂತ ಕಾಯಬೇಡಿ. ಮೆತ್ತಗಾಗಬಹುದು, ಸಿಹಿ ಮಾತ್ರ ಏರುವುದಿಲ್ಲ.

ನಮ್ಮೂರ ಸೂಪರ್ ಮಾರ್ಕೆಟ್ ಪೇಟೆ ಕಡೆ ನಾನು ಹೋಗುವ ಹಣ್ಣಿನ ಅಂಗಡಿಯವನು ಒಳ್ಳೆಯ ಮನುಷ್ಯ. ಮಾಲು ಹಳೆಯದಾಗಿದ್ದರೆ ಅವನೇ ಹೇಳುತ್ತಾನೆ: "ಬ್ಯಾಡ ಅಕ್ಕಾ, ಇವತ್ತ ತಗೋಬ್ಯಾಡ್ರಿ. ನಾಳಿ ಹೈದರಾಬಾದ್‌ನಿಂದ ಹೊಸಾದು ಬರ್ತದ." ಅಂಥ ಒಬ್ಬರನ್ನು ಹಿಡಿದುಕೊಳ್ಳಿ. ನಾವು ಶಾಲೆಯ ಮೂರ್ನಾಲ್ಕು ಜನ ಸೇರಿ ಒಟ್ಟಿಗೆ ತಗೊಳ್ಳುತ್ತೇವೆ, ಅವನು ಡಬ್ಬಿಗೆ ಇಷ್ಟು ಅಂತ ಬಿಡುತ್ತಾನೆ.

ಮನೆಗೆ ತಂದ ಕೂಡಲೇ ತೊಳೆಯಬೇಡಿ. ಮೇಲಿನ ಆ ಹುಡಿಯೇ ಹಣ್ಣಿಗೆ ಕಾವಲು, ಒದ್ದೆ ಆದರೆ ಬೂಸ್ಟು ಬೇಗ ಬರುತ್ತದೆ. ಒಡೆದದ್ದು ಆರಿಸಿ ತೆಗೆದು, ಉಳಿದದ್ದು ಫ್ರಿಜ್ಜಿನಲ್ಲಿಡಿ. ತಿನ್ನುವಾಗ ಬೇಕಾದಷ್ಟು ಮಾತ್ರ ತೊಳೆಯಿರಿ. ಅಗ್ಗಕ್ಕೆ ಸಿಕ್ಕು ಜಾಸ್ತಿ ತಂದಿದ್ದರೆ, ತಟ್ಟೆಯಲ್ಲಿ ಬಿಡಿಯಾಗಿ ಹರಡಿ ಫ್ರೀಜರಿನಲ್ಲಿಟ್ಟು, ಕಲ್ಲಾದ ಮೇಲೆ ಚೀಲಕ್ಕೆ ತುಂಬಿ. ಕರಗಿದಾಗ ಮೆತ್ತಗಿರುತ್ತದೆ, ಆ ಪಟ್ ಹೋಗುತ್ತದೆ. ಲಸ್ಸಿಗೆ ಏನೂ ತೊಂದರೆ ಇಲ್ಲ. ಒಣಗಿದ ಬ್ಲೂಬೆರಿ ಬಗ್ಗೆ ನನಗೆ ಒಲವಿಲ್ಲ, ಹೆಚ್ಚಿನವಕ್ಕೆ ಸಕ್ಕರೆ ಹಾಕಿರುತ್ತಾರೆ. ಕೇಕಿನ ಮೇಲೆ ಸುರಿಯುವ ನೀಲಿ ಜಾಮಿನ ಮಾತೇ ಬೇಡ.

ಇಷ್ಟೆಲ್ಲ ಲೆಕ್ಕ ಹಾಕಿಯೂ ಇದು ದುಬಾರಿ ಹಣ್ಣೇ. ಹೌದು. ಆದರೆ ಹುಟ್ಟುಹಬ್ಬಕ್ಕೆ ₹800ರ ಕೇಕ್ ತಂದಾಗ, ರವಿವಾರ ಪಿಜ್ಜಾ ತರಿಸಿದಾಗ ಯಾರೂ ಪ್ರಶ್ನೆ ಕೇಳುವುದಿಲ್ಲ. ಮನೆಯ ಹೆಣ್ಣುಮಗಳು ತನ್ನ ಬಾಯಿರುಚಿಗೆ ಒಂದು ಡಬ್ಬಿ ಹಣ್ಣು ತಂದುಕೊಂಡರೆ ಮಾತ್ರ ಕಾರಣ ಕೊಡಬೇಕು. ಅದಕ್ಕೇ ಎಷ್ಟೋ ಜನ ಅಕ್ಕತಂಗಿಯರು ಆರೋಗ್ಯಕ್ಕೆ ಅಂತ ಸುಳ್ಳು ಕಾರಣ ಹೇಳುತ್ತಾರೆ. ಇಷ್ಟ ಅನ್ನುವುದೇ ಸಾಕಷ್ಟು ಕಾರಣ ಅಂತ ನಾನು ನಂಬಿದ್ದೇನೆ. ಸಾಲ ಮಾಡಿ ತರಬೇಡಿ, ಮಕ್ಕಳ ಹಾಲು ಕಡಿಮೆ ಮಾಡಿ ತರಬೇಡಿ. ಕೈಯಲ್ಲಿ ಇದ್ದಾಗ ತನ್ನಿ, ಮನೆಯವರ ಜೊತೆ ಕೂತು ತಿನ್ನಿ. ಇಲ್ಲದಾಗ ಜೂನ್ ತಿಂಗಳಲ್ಲಿ ತಳ್ಳುಗಾಡಿಯ ಮೇಲೆ ನೇರಳೆ ಬರುತ್ತದೆ, ಉಪ್ಪು ಹಚ್ಚಿ ತಿಂದರೆ ಅದಕ್ಕೂ ಸರಿಸಾಟಿ ಇಲ್ಲ.

ಸೆಪ್ಟೆಂಬರಿನಲ್ಲಿ ಹೊಸ ಮಾಲು ಬಂದಾಗ ನಾವು ಮತ್ತೆ ಒಟ್ಟಿಗೆ ತರಿಸುತ್ತೇವೆ. ಸೇಡಂ ರಸ್ತೆ, ಜೇವರ್ಗಿ ರಸ್ತೆ ಕಡೆ ಇರುವ ಗೆಳತಿಯರು ಯಾರಿಗಾದರೂ ಬೇಕಿದ್ದರೆ ಮೊದಲೇ ಹೇಳಿ. ಜನ ಜಾಸ್ತಿ ಆದಷ್ಟೂ ಅಂಗಡಿಯವನು ಇನ್ನೂ ಸ್ವಲ್ಪ ಬಿಡುತ್ತೇನೆ ಅಂದಿದ್ದಾನೆ.