ಗುಂಪಿನಲ್ಲಿ ಗೋವಿಂದ

ಲಿಂಕ್ಡ್‌ಇನ್ ಎಂಬ ಉದ್ಯೋಗಿಗಳ ಜಾಲತಾಣ ಬಾಗಿಲು ತೆರೆದದ್ದು 2003ರ ಮೇ ತಿಂಗಳಲ್ಲಿ. ಮರುವರ್ಷ ಅದಕ್ಕೆ ಗ್ರೂಪುಗಳು ಬಂದವು. ಒಂದೇ ಕಸುಬಿನವರು ಒಂದೆಡೆ ಕೂತು ಚರ್ಚೆ ಮಾಡಲಿ ಎಂಬುದು ಉದ್ದೇಶ. ಅಂದಿನಿಂದ ಜನ ಬಂದು ಕೂತಿದ್ದಾರೆ, ಈಗಲೂ ಬರುತ್ತಿದ್ದಾರೆ. ಚರ್ಚೆಯೊಂದೇ ಬಾಕಿ ಇದೆ.

ಇದರಲ್ಲಿ ಜನರ ತಪ್ಪು ಅಷ್ಟೇನಿಲ್ಲ, ಲೆಕ್ಕಾಚಾರವೇ ಹಾಗಿದೆ. ಗ್ರೂಪಿನಲ್ಲಿ ಬರೆದದ್ದು ಹೆಚ್ಚಾಗಿ ಆ ಗ್ರೂಪಿನವರಿಗೆ ಮಾತ್ರ ಕಾಣುತ್ತದೆ. ಅದೇ ಮಾತನ್ನು ಸ್ವಂತ ಪುಟದಲ್ಲಿ ಬರೆದರೆ ಹಳೆಯ ಬಾಸು, ಮುಂದಿನ ಬಾಸು, ಕಾಲೇಜಿನಲ್ಲಿ ಜೊತೆಗಿದ್ದು ಈಗ ಮುಂದೆ ಹೋಗಿಬಿಟ್ಟವನು, ಎಲ್ಲರೂ ನೋಡುತ್ತಾರೆ. ಬುದ್ಧಿ ಇದ್ದವರು ಒಳ್ಳೆಯ ಮಾತನ್ನು ಅಲ್ಲಿಗೇ ಎತ್ತಿಟ್ಟುಕೊಳ್ಳುತ್ತಾರೆ. ಗ್ರೂಪಿಗೆ ಉಳಿಯುವುದು ವೆಬಿನಾರಿನ ಆಹ್ವಾನ, ಕೋರ್ಸಿನ ಕೂಪನ್, ಬೆಳಗಿನ ಸುಭಾಷಿತ.

ಸೇರುವಾಗಲೇ ಮೊದಲ ಎಡವಟ್ಟು. ‘ಸೇರಿ’ ಗುಂಡಿ ಒತ್ತಿದ ಮೇಲೆ ಸಾಮಾನ್ಯವಾಗಿ ವಿನಂತಿ ಅಡ್ಮಿನ್‌ ಬಳಿ ಹೋಗುತ್ತದೆ. ಅಡ್ಮಿನ್ ಕಸುಬು ಬದಲಿಸಿ ವರ್ಷಗಳಾಗಿರಬಹುದು. ಗ್ರೂಪಿನ ಪುಟದಲ್ಲಿ ಮಾಲೀಕರು ಮತ್ತು ಮ್ಯಾನೇಜರುಗಳ ಹೆಸರು ಇರುತ್ತದೆ. ಮೊದಲು ಆ ಹೆಸರನ್ನು ಒತ್ತಿ, ಅವರ ಇತ್ತೀಚಿನ ಚಟುವಟಿಕೆ ನೋಡಬೇಕು. ಅವರು ಕೊನೆಯ ಬಾರಿ ಮಾತಾಡಿದ್ದು ಯಾವುದೋ ಕಾಲದಲ್ಲಿ ಎಂದಾದರೆ, ವಿನಂತಿಗೂ ಅದೇ ಗತಿ. ಸದಸ್ಯರ ಸಂಖ್ಯೆ ನೋಡಿ ಮರುಳಾಗುವುದಂತೂ ಬೇಡ. ಅದು ಸೇರಿದವರ ಲೆಕ್ಕ, ಓದುವವರದ್ದಲ್ಲ.

ಎರಡನೆಯ ಎಡವಟ್ಟು ಇನ್ನೂ ಸೊಗಸು. ಕೆಲಸ ಬಿಡುವ ಯೋಚನೆಯಲ್ಲಿರುವವರು ಯಾರಿಗೂ ಹೇಳದೆ ‘ತಕ್ಷಣ ಸೇರಲು ಸಿದ್ಧರಿರುವವರು’ ಎಂಬಂಥ ಗ್ರೂಪಿಗೆ ಸೇರುತ್ತಾರೆ. ಮನೆಯಲ್ಲೂ ಬಾಯಿ ಬಿಟ್ಟಿರುವುದಿಲ್ಲ. ಆದರೆ ಸೇರಿದ ಗ್ರೂಪುಗಳ ಹೆಸರು ಲೋಗೊ ಸಮೇತ ಅವರ ಪ್ರೊಫೈಲಿನ ಆಸಕ್ತಿಗಳ ಸಾಲಿನಲ್ಲಿ ಬಂದು ಕೂರುತ್ತದೆ. ಮ್ಯಾನೇಜರು ವರ್ಷದ ಅಪ್ರೈಸಲ್‌ಗೆ ಮುಂಚೆ ಸುಮ್ಮನೆ ಪ್ರೊಫೈಲ್ ತೆರೆದು ಕೆಳಗೆ ಜರುಗಿಸಿದರೆ ಸಾಕು. ಇದಕ್ಕೆ ಮದ್ದು ಇದೆ: ಗ್ರೂಪಿನ ಪುಟದ ಮೇಲ್ಭಾಗದ ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸ್‌ಗೆ ಹೋಗಿ, ಪ್ರೊಫೈಲಿನಲ್ಲಿ ತೋರಿಸು ಎಂಬುದನ್ನು ಆಫ್ ಮಾಡಬೇಕು. ಒಂದೊಂದು ಗ್ರೂಪಿಗೂ ಬೇರೆ ಬೇರೆಯಾಗಿ. ಆಫ್ ಮಾಡಿದರೂ ಒಳಗಿನ ಸದಸ್ಯರ ಪಟ್ಟಿಯಲ್ಲಿ ಹೆಸರು ಇದ್ದೇ ಇರುತ್ತದೆ. ಮ್ಯಾನೇಜರು ಅದೇ ಗ್ರೂಪಿನಲ್ಲಿ ಸಿಕ್ಕಿಬಿದ್ದರೆ ಇಬ್ಬರೂ ನೋಡದವರಂತೆ ಇರುವುದು ಕ್ಷೇಮ.

ಇನ್ನು ಪ್ರಶ್ನೆ ಹಾಕಿ ಮತ ಕೇಳುವ ಪೋಲ್ ಎಂಬ ಮಾಯೆ. ಪ್ರಶ್ನೆಗೆ 140 ಅಕ್ಷರ, ಹೆಚ್ಚೆಂದರೆ ನಾಲ್ಕು ಆಯ್ಕೆ, ಒಂದೊಂದಕ್ಕೆ 30 ಅಕ್ಷರ. ಒಂದು ದಿನದಿಂದ ಎರಡು ವಾರದವರೆಗೆ ತೆರೆದಿಡಬಹುದು. ನಾಲ್ಕನೆಯ ಆಯ್ಕೆ ಯಾವಾಗಲೂ ‘ಇತರೆ, ಕಮೆಂಟಿನಲ್ಲಿ ತಿಳಿಸಿ’. ತಿಳಿಸಿದವರನ್ನು ಕಂಡವರಿಲ್ಲ. ಮತ ಹಾಕಿದವರಿಗೆ ಫಲಿತಾಂಶ ಶೇಕಡಾವಾರು ಮಾತ್ರ ಕಾಣುವುದರಿಂದ, ಇದೂ ಮತಪೆಟ್ಟಿಗೆಯ ಹಾಗೆ ಗುಟ್ಟಿನದು ಎಂದು ಎಲ್ಲರೂ ನಂಬಿದ್ದಾರೆ. ಪೋಲ್ ಹಾಕಿದವರಿಗೆ ಮಾತ್ರ ಯಾರು ಯಾವುದಕ್ಕೆ ಒತ್ತಿದರು ಎಂಬುದು ಹೆಸರು, ಫೋಟೊ, ಹುದ್ದೆ ಸಮೇತ ಕಾಣುತ್ತದೆ. ‘ನಿಮ್ಮ ಟೀಮ್ ಲೀಡ್ ನಿಮ್ಮ ಮಾತು ಕೇಳುತ್ತಾರಾ?’ ಎಂದು ಟೀಮ್ ಲೀಡೇ ಕೇಳಿದಾಗ ‘ಇಲ್ಲವೇ ಇಲ್ಲ’ ಎಂದು ಧೈರ್ಯವಾಗಿ ಒತ್ತಿದ ವೀರರು ಸೋಮವಾರದ ಮೀಟಿಂಗಿನಲ್ಲಿ, ತಮ್ಮ ಮಾತನ್ನು ಅವರು ಅಷ್ಟೊಂದು ಗಮನವಿಟ್ಟು ಏಕೆ ಕೇಳುತ್ತಿದ್ದಾರೆ ಎಂದು ಚಕಿತರಾಗುತ್ತಾರೆ.

ಉದ್ಯೋಗದ ಜಾಹೀರಾತಿನ ಕೆಳಗಿನ ಕಮೆಂಟುಗಳು ಪ್ರತ್ಯೇಕ ಲೋಕ. ಬಯೋಡೇಟಾವನ್ನು ಇಂಥ ಮೇಲ್‌ಗೆ ಕಳಿಸಿ ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ಕೆಳಗೆ ‘ಇಂಟರೆಸ್ಟೆಡ್’, ‘ಇಂಟರೆಸ್ಟೆಡ್ ಸರ್’, ‘ಇಂಟರೆಸ್ಟೆಡ್, ನನ್ನ ನಂಬರ್ ಇದು’. ಜಾಹೀರಾತು ಹಾಕಿದವರು ಆ ಸಾಲನ್ನು ಓದುವುದಿಲ್ಲ. ಅವರು ನೋಡುವುದು ಮೇಲ್ ಪೆಟ್ಟಿಗೆ. ಓದುವವರು ಬೇರೆಯೇ ಇದ್ದಾರೆ. ನಂಬರ್ ಗುರುತು ಹಾಕಿಕೊಂಡು, ‘ನಿಮ್ಮನ್ನು ಆಯ್ಕೆ ಮಾಡಲಾಗಿದೆ, ನೋಂದಣಿ ಶುಲ್ಕ ಕಟ್ಟಿ’ ಎಂದು ಫೋನು ಮಾಡುವವರು. ಕೆಲಸ ಕೊಡುವವರು ದುಡ್ಡು ಕೇಳಿದರೆ ಅದು ಕೆಲಸವಲ್ಲ. ನಂಬರನ್ನು ಕಮೆಂಟಿನಲ್ಲಿ ಹಾಕುವುದಕ್ಕಿಂತ ಜಾಹೀರಾತು ಹಾಕಿದವರಿಗೇ ಮೆಸೇಜ್ ಕಳಿಸುವುದು ಲೇಸು. ಪರಿಚಯದ ಪಟ್ಟಿಯಲ್ಲಿ ಇಲ್ಲದಿದ್ದರೂ ಒಂದೇ ಗ್ರೂಪಿನವರು ಪರಸ್ಪರ ಬರೆಯಲು ಅವಕಾಶವಿದೆ. ತಿಂಗಳಿಗೆ ಇಷ್ಟೇ ಎಂಬ ಮಿತಿ ಇರುವುದರಿಂದ ‘ಹಾಯ್’ ಎಂದಷ್ಟೇ ಬರೆದು ಒಂದನ್ನು ಹಾಳುಮಾಡಬಾರದು.

ಸ್ಪ್ಯಾಮ್ ತಡೆಯಲು ಕಂಪನಿ ಏನೂ ಮಾಡಲಿಲ್ಲ ಎನ್ನುವಂತಿಲ್ಲ. ಮಾಡಿದ್ದೇ ಜಾಸ್ತಿಯಾಯಿತು. 2013ರ ಹೊತ್ತಿಗೆ ಒಂದು ನಿಯಮ ಜಾರಿಯಲ್ಲಿತ್ತು: ಯಾವುದೋ ಒಂದು ಗ್ರೂಪಿನ ಮಾಡರೇಟರ್ ಯಾರನ್ನಾದರೂ ‘ಬ್ಲಾಕ್ ಅಂಡ್ ಡಿಲೀಟ್’ ಮಾಡಿದರೆ, ಆ ಮನುಷ್ಯ ಸೇರಿದ್ದ ಎಲ್ಲ ಗ್ರೂಪುಗಳಲ್ಲೂ ಅವನ ಪೋಸ್ಟುಗಳು ತಾವಾಗಿಯೇ ಅನುಮತಿಗೆ ಕಾಯುವ ಸಾಲಿಗೆ ಹೋಗುತ್ತಿದ್ದವು. ಅವನಿಗೆ ಒಂದು ಸೂಚನೆಯೂ ಇರುತ್ತಿರಲಿಲ್ಲ. ಹೊಲಿಗೆಯವರ ಗ್ರೂಪಿನಲ್ಲಿ ಯಾರದೋ ಬೆರಳು ಜಾರಿದರೆ ಲೆಕ್ಕಪತ್ರದವರ ಗ್ರೂಪಿನಲ್ಲಿ ಬಾಯಿ ಕಟ್ಟುತ್ತಿತ್ತು. ಬಿಡಿಸಿಕೊಳ್ಳಲು ಒಂದೊಂದು ಗ್ರೂಪಿನ ಮಾಡರೇಟರಿಗೂ ಪ್ರತ್ಯೇಕವಾಗಿ ಕೈಮುಗಿಯಬೇಕಿತ್ತು. 2015ರಲ್ಲಿ ಇಡೀ ವ್ಯವಸ್ಥೆಯನ್ನೇ ಬದಲಿಸಿ, ಹೊರಗಿನವರಿಗೂ ಕಾಣುತ್ತಿದ್ದ ತೆರೆದ ಗ್ರೂಪುಗಳನ್ನು ಸದಸ್ಯರಿಗಷ್ಟೇ ಕಾಣುವಂತೆ ಮಾಡಿದರು, ಉಪಗ್ರೂಪುಗಳನ್ನು ತೆಗೆದರು. 2018ರಲ್ಲಿ ಗ್ರೂಪುಗಳನ್ನು ಮತ್ತೆ ಮುಖ್ಯ ಆ್ಯಪಿನೊಳಗೆ ತಂದರು. ಇದೇ ಬಗೆಯ ಜರ್ಮನಿಯ ಜಾಲತಾಣ ಕ್ಸಿಂಗ್ ಇಷ್ಟೆಲ್ಲ ಕಷ್ಟಪಡದೆ 2023ರ ಆರಂಭದಲ್ಲಿ ಗ್ರೂಪುಗಳನ್ನೇ ಮುಚ್ಚಿಬಿಟ್ಟಿತು.

ಹಾಗಂತ ಪ್ರಯೋಜನವೇ ಇಲ್ಲವೆಂದಲ್ಲ. ಕೇಳುವ ಕ್ರಮ ಗೊತ್ತಿರಬೇಕು. ‘ಎಕ್ಸೆಲ್ ಗೊತ್ತಿರುವವರು ಯಾರಾದರೂ ಇದ್ದೀರಾ?’ ಎಂದರೆ ‘ಹೇಳಿ ಸರ್’, ‘ಇನ್‌ಬಾಕ್ಸ್ ನೋಡಿ’, ‘ನಮ್ಮಲ್ಲಿ ಆರು ವಾರದ ಕೋರ್ಸ್ ಇದೆ’ ಎಂಬ ಮೂರೇ ಉತ್ತರ. ‘ಒಂದು ಪಟ್ಟಿಯದನ್ನು ಇನ್ನೊಂದರಲ್ಲಿ ಹುಡುಕಲು ವಿ-ಲುಕಪ್ ಫಾರ್ಮುಲಾ ಹಾಕಿದರೆ ಎರಡೂ ಪಟ್ಟಿಯಲ್ಲಿ ಇರುವ ಸಂಖ್ಯೆಗೂ ಸಿಕ್ಕಿಲ್ಲ ಎನ್ನುವ ಎನ್‌ಎ ಬರುತ್ತಿದೆ, ಖಾಲಿ ಜಾಗ ತೆಗೆದು ನೋಡಿದೆ, ಸರಿಹೋಗಲಿಲ್ಲ’ ಎಂದು ಬರೆದರೆ, ಆವರೆಗೆ ತುಟಿ ಬಿಚ್ಚದ ಯಾರೋ ಒಬ್ಬರು, ‘ಒಂದು ಕಾಲಮ್ಮಿನಲ್ಲಿ ಸಂಖ್ಯೆ, ಇನ್ನೊಂದರಲ್ಲಿ ಅದೇ ಅಂಕಿ ಟೆಕ್ಸ್ಟ್ ಆಗಿ ಕೂತಿದೆ, ವ್ಯಾಲ್ಯೂ ಫಾರ್ಮುಲಾ ಹಾಕಿ’ ಎಂದು ಬರೆದು ಮಾಯವಾಗುತ್ತಾರೆ. ಮುಖ್ಯವಾದದ್ದು ಮೊದಲ ಎರಡು ಸಾಲಿನಲ್ಲೇ ಬರಬೇಕು. ಉಳಿದದ್ದು ‘ಇನ್ನಷ್ಟು’ ಎಂಬುದರ ಹಿಂದೆ ಅಡಗುತ್ತದೆ, ಅದನ್ನು ಒತ್ತುವವರು ಕಡಿಮೆ. ಉತ್ತರ ಬಂದ ಮೇಲೆ ‘ಸರಿಹೋಯಿತು’ ಎಂದು ಬರೆಯುವ ಮರ್ಯಾದೆಯೂ ಬೇಕು. ಇಲ್ಲದಿದ್ದರೆ ಅದರ ಕೆಳಗೆ ‘ಒಪ್ಪಿದೆ’, ‘ಅದ್ಭುತ ವಿಚಾರ’, ‘ಹೆಚ್ಚು ಜನರಿಗೆ ತಲುಪಲಿ’ ಎಂಬ ಗೋವಿಂದ ನಾಮ ಶುರುವಾಗಿ, ಪರಿಹಾರ ಅದರಡಿ ಹೂತುಹೋಗುತ್ತದೆ.

ಬೇಸತ್ತವರು ಎದ್ದು ಹೋಗುವುದು ಸುಲಭ. ಅದೇ ಮೂರು ಚುಕ್ಕಿ, ‘ಗ್ರೂಪ್ ಬಿಡಿ’. ಯಾರಿಗೂ ಸುದ್ದಿ ಹೋಗುವುದಿಲ್ಲ, ಯಾರೂ ತಡೆಯುವುದೂ ಇಲ್ಲ. ಮಾಲೀಕರಿಗೆ ಮಾತ್ರ ಆ ಭಾಗ್ಯವಿಲ್ಲ. ಹೊರಡುವ ಮುಂಚೆ ಮಾಲೀಕತ್ವವನ್ನು ಇನ್ನೊಬ್ಬ ಸದಸ್ಯರಿಗೆ ವಹಿಸಿಕೊಡಬೇಕು. ‘ಯಾರಾದರೂ ವಹಿಸಿಕೊಳ್ಳುತ್ತೀರಾ?’ ಎಂದು ಗ್ರೂಪಿನಲ್ಲಿ ಕೇಳಿದರೆ ಮೊದಲ ಉತ್ತರ ‘ಇಂಟರೆಸ್ಟೆಡ್ ಸರ್, ಸಂಬಳ ಎಷ್ಟು?’